ಮೂರು ಸೆಕೆಂಡಿನ ನಿಯಮ ಎಲ್ಲಿಂದ ಬಂತು?

ಮಾನ್ಯ ಸಂಪಾದಕರೇ,

ಮಳೆಗಾಲದ ನಡುವೆ ವಲಯ ಮಟ್ಟದ ಕ್ರೀಡಾಕೂಟಗಳು ಶುರುವಾದವೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಥ್ರೋಬಾಲ್ ಪರಿಚಯಿಸುವ ಬರಹವೊಂದು ತಪ್ಪದೆ ಬರುತ್ತದೆ. ಅದರಲ್ಲಿ ಎರಡು ಮಾತು ಖಾಯಂ. ಥ್ರೋಬಾಲ್ ಎಂದರೆ ಹೆಣ್ಣುಮಕ್ಕಳಿಗಾಗಿ ಸುಲಭ ಮಾಡಿದ ವಾಲಿಬಾಲ್ ಎಂಬುದು ಒಂದು. ಮದ್ರಾಸಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನ ಸ್ಥಾಪಕ ಹ್ಯಾರಿ ಕ್ರೋ ಬಕ್ 1955ರಲ್ಲಿ ಅದರ ನಿಯಮ ಬರೆದರು ಎಂಬುದು ಇನ್ನೊಂದು.

ಎರಡನೆಯದು ಬೇಗ ಮುಗಿಯುತ್ತದೆ. ಬಕ್ 1920ರಲ್ಲಿ ಆ ಕಾಲೇಜು ಕಟ್ಟಿದ್ದು ನಿಜ, 1924ರ ಪ್ಯಾರಿಸ್ ಒಲಿಂಪಿಕ್ಸಿಗೆ ಭಾರತ ತಂಡದ ಜತೆ ಹೋಗಿದ್ದೂ ನಿಜ. ಆದರೆ ಅವರು ತೀರಿಕೊಂಡಿದ್ದು 1943ರಲ್ಲಿ. ತೀರಿಹೋದ ಹನ್ನೆರಡು ವರ್ಷಕ್ಕೆ ನಿಯಮ ಬರೆಯಲು ಯಾರಿಂದಾದೀತು? ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡು ಈ ಇಸವಿ ಊರೂರು ತಿರುಗುತ್ತಿದೆ.

ಮೊದಲನೆಯ ಮಾತಿಗೆ ಉತ್ತರ ಸ್ವಲ್ಪ ಉದ್ದ. ವಾಲಿಬಾಲ್ ಹುಟ್ಟಿದ್ದು 1895ರ ಫೆಬ್ರವರಿಯಲ್ಲಿ, ಅಮೆರಿಕದ ಹೋಲಿಯೋಕ್‌ನಲ್ಲಿ, ವಿಲಿಯಂ ಮಾರ್ಗನ್ ಕೈಯಲ್ಲಿ. ಅದೇ 1895ರಲ್ಲಿ ಅದೇ ದೇಶದ ದಕ್ಷಿಣದ ತುದಿಯ ನ್ಯೂ ಆರ್ಲಿಯನ್ಸ್‌ನಲ್ಲಿ, ಸೋಫಿ ನ್ಯೂಕಂಬ್ ಮಹಿಳಾ ಕಾಲೇಜಿನ ದೈಹಿಕ ಶಿಕ್ಷಣ ಅಧ್ಯಾಪಕಿ ಕ್ಲಾರಾ ಗ್ರೆಗರಿ ಬೇರ್, ಚೆಂಡನ್ನು ಹಿಡಿದು ಎದುರು ಪಾಳಯದ ನೆಲಕ್ಕೆ ಬೀಳುವಂತೆ ಎಸೆಯುವ ಆಟವೊಂದನ್ನು ರೂಪಿಸಿದರು. ಕಾಲೇಜಿನ ಹೆಸರೇ ಆಟಕ್ಕೂ ಬಿತ್ತು: ನ್ಯೂಕಂಬ್ ಬಾಲ್. ಮಾರ್ಗನ್ ಆಟದಲ್ಲಿ ಚೆಂಡನ್ನು ಹೊಡೆಯಬೇಕು, ಬೇರ್ ಆಟದಲ್ಲಿ ಹಿಡಿದು ಎಸೆಯಬೇಕು. ಎರಡೂ ಒಂದೇ ವರ್ಷದ ಕೂಸುಗಳು, ಒಂದನ್ನು ಸುಲಭ ಮಾಡಿ ಇನ್ನೊಂದು ಆದದ್ದಲ್ಲ. ನಮ್ಮ ಥ್ರೋಬಾಲ್ ಸಂಘಟಕರು ಹೇಳಿಕೊಂಡು ಬಂದಿರುವುದೂ ಇದಕ್ಕೆ ಹೊಂದುತ್ತದೆ. 1930ರ ದಶಕದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಹೆಂಗಸರು ಬಿಡುವಿನ ವೇಳೆಗೆ ಆಡುತ್ತಿದ್ದ ಆಟ ವೈಎಂಸಿಎ ಮೂಲಕ 1940ರ ದಶಕದಲ್ಲಿ ಮದ್ರಾಸಿಗೆ ಬಂತು, 1950ರ ದಶಕದಲ್ಲಿ ಬೆಂಗಳೂರು ಸೇರಿತು ಎನ್ನುತ್ತಾರೆ ಅವರು.

ಹಿಡಿ, ನಿಲ್ಲು, ಮೂರು ಸೆಕೆಂಡಿನೊಳಗೆ ಬಿಡು. ನಮ್ಮ ಜಿಲ್ಲೆಯ ಐದನೇ ಇಯತ್ತೆಯ ಹುಡುಗಿಗೂ ಗೊತ್ತಿರುವ ಈ ಪಾಠಕ್ಕೆ ಸುಮಾರು ನೂರಮೂವತ್ತು ವರ್ಷದ ಪ್ರಯಾಣದ ಕಥೆಯಿದೆ. ಅದನ್ನು ದೇಶದಿಂದ ದೇಶಕ್ಕೆ ಹೊತ್ತವರಲ್ಲಿ ಹೆಚ್ಚಿನವರು ಶಿಕ್ಷಕಿಯರು. ಹಳೆಯ ಮರ್ಯಾದೆ ಸಲ್ಲಿಸುವುದಕ್ಕಷ್ಟೇ ಇದನ್ನು ಬರೆಯುತ್ತಿಲ್ಲ. ಉತ್ತರ ಕನ್ನಡದ ಪ್ರೌಢಶಾಲೆಗಳಲ್ಲಿ ಈಗಲೇ ಮಾಡಬಹುದಾದ ಒಂದು ಕೆಲಸ ಅದರಿಂದ ಹೊರಡುತ್ತದೆ: ಥ್ರೋಬಾಲನ್ನು ನಿಯಮದಂತೆ ಆಡಿಸುವುದು, ಅದರ ಜತೆಗೆ ನೆಟ್‌ಬಾಲ್ ಎಂಬ ಆಟವನ್ನೂ ಶುರುಮಾಡುವುದು.

ಮೂರು ಸೆಕೆಂಡಿನ ಕಥೆಗೆ ಬ್ಯಾಸ್ಕೆಟ್‌ಬಾಲಿನಿಂದ ಹೊರಡಬೇಕು. ಜೇಮ್ಸ್ ನೈಸ್ಮಿತ್ ಬ್ಯಾಸ್ಕೆಟ್‌ಬಾಲ್ ಶುರುಮಾಡಿದ್ದು 1891ರ ಡಿಸೆಂಬರಿನಲ್ಲಿ, ಸ್ಪ್ರಿಂಗ್‌ಫೀಲ್ಡ್‌ನಲ್ಲಿ. ಅಲ್ಲಿಂದ ದೂರವೇನಿಲ್ಲದ ಸ್ಮಿತ್ ಕಾಲೇಜಿನಲ್ಲಿ ಲಿಥುವೇನಿಯಾ ಮೂಲದ ಸೆಂಡಾ ಬೆರೆನ್ಸನ್ 1892ರಲ್ಲೇ ಅದನ್ನು ಹುಡುಗಿಯರಿಗೆ ಹೇಳಿಕೊಡತೊಡಗಿದರು. 1893ರ ಮಾರ್ಚ್ 22ರಂದು ಮೊದಲ ವರ್ಷದವರಿಗೂ ಎರಡನೇ ವರ್ಷದವರಿಗೂ ಪಂದ್ಯ ನಡೆಯಿತು, ಗಂಡಸರಿಗೆ ಪ್ರವೇಶವಿರಲಿಲ್ಲ. ಬೆರೆನ್ಸನ್ ನೈಸ್ಮಿತ್ ನಿಯಮಗಳನ್ನು ಹಾಗೆಹಾಗೇ ಎತ್ತಿಕೊಳ್ಳಲಿಲ್ಲ. ಎದುರಾಳಿಯ ಕೈಯಿಂದ ಚೆಂಡು ಕಸಿಯುವಂತಿಲ್ಲ ಎಂದರು. ಅಂಕಣವನ್ನು ಮೂರು ಭಾಗ ಮಾಡಿ, ಅವರವರ ಭಾಗದಿಂದ ಯಾರೂ ಆಚೆ ಹೋಗದಂತೆ ಗೆರೆ ಎಳೆದರು. ಚೆಂಡನ್ನು ಪುಟಿಸುವುದು ಹೆಚ್ಚೆಂದರೆ ಮೂರು ಸಲ, ಕೈಯಲ್ಲಿ ಇಟ್ಟುಕೊಳ್ಳುವುದು ಹೆಚ್ಚೆಂದರೆ ಮೂರು ಸೆಕೆಂಡು. ಬಲವಾದ ಒಬ್ಬಳೇ ಚೆಂಡು ಹಿಡಿದು ಮೈದಾನವಿಡೀ ಓಡಿ ಆಟ ಮುಗಿಸಬಾರದು, ಉಳಿದವರಿಗೂ ಚೆಂಡು ಸಿಗಬೇಕು ಎಂಬುದು ಲೆಕ್ಕ.

ಈ ಲೆಕ್ಕಕ್ಕೆ ಇನ್ನೊಂದು ಮುಖವೂ ಇತ್ತು. ಹೆಣ್ಣುಮಕ್ಕಳ ಮೈ ಹೆಚ್ಚು ದಣಿವು ತಾಳದು ಎಂಬ ಆ ಕಾಲದ ನಂಬಿಕೆ ಈ ಗೆರೆಗಳಲ್ಲೂ ಇಣುಕುತ್ತದೆ. ಗೆರೆ ಒಮ್ಮೆ ಬಿತ್ತೆಂದರೆ ಅಳಿಸುವುದು ಸಲೀಸಲ್ಲ. ಅಮೆರಿಕದ ಕಾಲೇಜು ಹುಡುಗಿಯರಿಗೆ ಐವರ ತಂಡದ, ಇಡೀ ಅಂಕಣದ ಬ್ಯಾಸ್ಕೆಟ್‌ಬಾಲ್ ಗಟ್ಟಿಯಾಗಿ ಸಿಕ್ಕಿದ್ದು 1971ರಲ್ಲಿ. ನ್ಯೂಕಂಬ್ ಬಾಲ್‌ನ ಬೇರ್ ಅವರು ನೈಸ್ಮಿತ್‌ರಿಂದ ನಿಯಮ ತರಿಸಿಕೊಂಡಾಗ ನಕ್ಷೆಯಲ್ಲಿದ್ದ ಚುಕ್ಕೆಗೆರೆಗಳನ್ನು ‘ದಾಟಬಾರದ ಗೆರೆ’ ಎಂದು ಓದಿಕೊಂಡರಂತೆ. ಆಟಗಾರ್ತಿಯರನ್ನು ಚೌಕಗಳಲ್ಲಿ ಕಟ್ಟಿಹಾಕಿದ ಅವರ ‘ಬ್ಯಾಸ್ಕೆಟ್’ ಆಟದ ನಿಯಮಗಳು 1895ರಲ್ಲಿ ಅಚ್ಚಾದವು. ಹಾಳೆಯಲ್ಲಿ ಹೋದ ನಿಯಮ ಹೀಗೆ ದಾರಿ ತಪ್ಪುತ್ತದೆ. ಹೇಳಿಕೊಡುವವರೇ ಹೋದರೆ ತಪ್ಪುವುದು ಕಡಿಮೆ.

ಹಾಗೆ ಹೋದವರಲ್ಲಿ ದೊಡ್ಡ ಹೆಸರು ಮಾರ್ಟಿನಾ ಬರ್ಗ್‌ಮನ್ ಓಸ್ಟರ್‌ಬರ್ಗ್. ಸ್ವೀಡನ್ನಿನವರು, ಸ್ಟಾಕ್‌ಹೋಮಿನಲ್ಲಿ ಲಿಂಗ್ ಎಂಬವರು ರೂಪಿಸಿದ ಪದ್ಧತಿಯ ವ್ಯಾಯಾಮ ಕಲಿತವರು. 1881ರಲ್ಲಿ ಲಂಡನ್ ಸ್ಕೂಲ್ ಬೋರ್ಡಿಗೆ ಬಂದು, ಲೆಕ್ಕ-ಇಂಗ್ಲಿಷ್ ಹೇಳಿಕೊಡುತ್ತಿದ್ದ ಸಾಮಾನ್ಯ ಶಾಲಾ ಶಿಕ್ಷಕಿಯರಿಗೆ ವ್ಯಾಯಾಮ ಕಲಿಸುವುದನ್ನು ಕಲಿಸಿದರು. ದೈಹಿಕ ಶಿಕ್ಷಕರಿಲ್ಲದೆ ಕನ್ನಡ ಟೀಚರೋ ವಿಜ್ಞಾನ ಟೀಚರೋ ಸೀಟಿ ಹಿಡಿಯಬೇಕಾಗಿರುವ ನಮ್ಮ ಎಷ್ಟೋ ಶಾಲೆಗಳಿಗೆ ಈ ಮಾತು ಹತ್ತಿರದ್ದು. 1885ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಅವರು ತಮ್ಮದೇ ತರಬೇತಿ ಕಾಲೇಜು ತೆರೆದರು. 1895ರಲ್ಲಿ ಅದು ಡಾರ್ಟ್‌ಫರ್ಡಿಗೆ ಹೋಯಿತು.

ಅಮೆರಿಕದಿಂದ ಬಂದವರು ಈ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ತೋರಿಸಿಕೊಟ್ಟಾಗ ಗೋಡೆಗೆ ಕಟ್ಟಿದ್ದು ಕಸದ ಬುಟ್ಟಿಗಳನ್ನು. ಆಮೇಲೆ ಆಟ ಡಾರ್ಟ್‌ಫರ್ಡಿನ ಹುಲ್ಲಿನ ಮೈದಾನಕ್ಕೆ ಇಳಿಯಿತು. ಹುಲ್ಲಿನ ಮೇಲೆ ಚೆಂಡು ಸರಿಯಾಗಿ ಪುಟಿಯುವುದಿಲ್ಲ, ಉದ್ದ ಲಂಗ ಉಟ್ಟವರಿಗೆ ಚೆಂಡು ಪುಟಿಸುತ್ತ ಓಡುವುದಂತೂ ಆಗದು. ಹಾಗಾಗಿ ಪುಟಿಸುವುದೇ ಆಟದಿಂದ ಬಿದ್ದುಹೋಯಿತು. ಹಿಡಿಯುವುದು, ಕಾಲೂರುವುದು, ದಾಟಿಸುವುದು ಉಳಿಯಿತು. ಬುಟ್ಟಿಯ ಹಿಂದೆ ಹಲಗೆ ಇರಲಿಲ್ಲ. ಬುಟ್ಟಿಯ ಜಾಗಕ್ಕೆ 1897ರಲ್ಲಿ ಕಂಬದ ತುದಿಯ ಬಳೆ ಬಂತು. ಅದನ್ನು ತೋರಿಸಿಕೊಟ್ಟವರೂ ಅಮೆರಿಕದಿಂದ ಬಂದಿದ್ದ ಮಹಿಳೆಯೇ. ಲಿಂಗ್ ಪದ್ಧತಿಯ ವ್ಯಾಯಾಮ ಶಿಕ್ಷಕಿಯರ ಸಂಘ 1901ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿತು, 250 ಪ್ರತಿ. ಆಟದ ಹೆಸರು ನೆಟ್‌ಬಾಲ್. ಇಂಥ ಕಾಲೇಜುಗಳಲ್ಲಿ ಕಲಿತವರು ಎಲ್ಲೆಲ್ಲಿ ಕೆಲಸಕ್ಕೆ ಹೋದರೋ ಅಲ್ಲೆಲ್ಲ ಅದೂ ಹೋಯಿತು. ಎಲ್ಲವನ್ನೂ ಶಿಕ್ಷಕಿಯರ ಖಾತೆಗೇ ಬರೆಯುವುದು ಸರಿಯಲ್ಲ. 1906ರಲ್ಲಿ ನ್ಯೂಜಿಲೆಂಡಿಗೆ ನೆಟ್‌ಬಾಲ್ ತಲುಪಿಸಿದವರು ಜೇಮಿಸನ್ ಎಂಬ ಪಾದ್ರಿ.

ಒಂದೊಂದು ದೇಶದಲ್ಲಿ ಒಂದೊಂದು ಬಗೆಯಾಗಿ, ಕೆಲವೆಡೆ ತಂಡಕ್ಕೆ ಒಂಬತ್ತು ಜನ ಆಡುತ್ತಿದ್ದುದನ್ನು ಏಳಕ್ಕೆ ಕಟ್ಟಿ ನಿಯಮ ಒಂದಾಗಿಸಿದ ಸಭೆ ನಡೆದದ್ದು 1960ರಲ್ಲಿ, ನಮ್ಮ ಪಕ್ಕದ ಕೊಲಂಬೊದಲ್ಲಿ. 1963ರಲ್ಲಿ ಇಂಗ್ಲೆಂಡಿನ ಈಸ್ಟ್‌ಬೋರ್ನ್‌ನಲ್ಲಿ ಮೊದಲ ವಿಶ್ವ ಟೂರ್ನಿ ನಡೆದಾಗ 11 ತಂಡಗಳಲ್ಲಿ ಸಿಲೋನ್ (ಇಂದಿನ ಶ್ರೀಲಂಕಾ) ಕೂಡ ಒಂದು. ಏಷ್ಯಾ ಚಾಂಪಿಯನ್ ಪಟ್ಟವನ್ನು ಶ್ರೀಲಂಕಾದ ಹುಡುಗಿಯರು ಹಲವು ಸಲ ಗೆದ್ದಿದ್ದಾರೆ. ಅಲ್ಲಿಯದೂ ನಮ್ಮಂಥದೇ ಮಳೆ, ನಮ್ಮಂಥದೇ ಕೆಂಪುಮಣ್ಣು.

ಹಾಕಿಯನ್ನು ಇಂಗ್ಲೆಂಡಿನಿಂದ ಅಮೆರಿಕಕ್ಕೆ ಒಯ್ದ ಕಾನ್ಸ್‌ಟೆನ್ಸ್ ಆಪಲ್‌ಬೀ ಅವರನ್ನೂ ಇಲ್ಲಿ ನೆನೆಯಬೇಕು. 1901ರ ಬೇಸಿಗೆಯಲ್ಲಿ ಹಾರ್ವರ್ಡ್‌ನ ತರಬೇತಿ ಶಿಬಿರಕ್ಕೆ ಹೋಗಿದ್ದವರು ಅಲ್ಲಿನ ಸಿಮೆಂಟಿನ ಅಂಗಳದಲ್ಲಿ, ಕೈಗೆ ಸಿಕ್ಕ ಕೋಲು-ಚೆಂಡಿನಲ್ಲೇ ಆಟ ತೋರಿಸಿದರು. ನೋಡಿದವರಲ್ಲಿ ವಾಸರ್ ಕಾಲೇಜಿನ ಕ್ರೀಡಾ ನಿರ್ದೇಶಕಿ ಹ್ಯಾರಿಯೆಟ್ ಬ್ಯಾಲಂಟೈನ್ ಇದ್ದರು. ಅವರು ಆಪಲ್‌ಬೀ ಅವರನ್ನು ತಮ್ಮ ಕಾಲೇಜಿಗೆ ಕರೆಸಿಕೊಂಡರು. ಅಲ್ಲಿಂದ ಆಪಲ್‌ಬೀ ವೆಲ್ಸ್‌ಲಿ, ಸ್ಮಿತ್, ಮೌಂಟ್ ಹೋಲಿಯೋಕ್, ಬ್ರಿನ್ ಮಾರ್ ಎಂದು ಕಾಲೇಜಿನಿಂದ ಕಾಲೇಜಿಗೆ ತಿರುಗಿದರು. 1920ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಪೋಕೊನೊ ಬೆಟ್ಟಗಳಲ್ಲಿ ಹಾಕಿ ಶಿಬಿರ ಶುರುಮಾಡಿ, ಇಂಗ್ಲೆಂಡಿನಿಂದ ಕೋಚ್‌ಗಳನ್ನು ಕರೆಸಿ, ಅಮೆರಿಕದ ಹುಡುಗಿಯರನ್ನು ಆಡಿಸಿದರು. 1873ರಲ್ಲಿ ಹುಟ್ಟಿ 1981ರಲ್ಲಿ ತೀರಿಕೊಂಡರು, 107 ವರ್ಷದ ಬಾಳು. ತುದಿಗೆ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು ಎಸೆಯುವ ಲಕ್ರಾಸ್ ಆಟದ ಕಥೆಯೂ ಇದೇ ಜಾಡಿನದು. ಕೆನಡಾದಲ್ಲಿ ಆ ಆಟ ಕಂಡ ಲೂಯಿಸಾ ಲಮ್ಸ್‌ಡೆನ್ ಅದನ್ನು ಸ್ಕಾಟ್ಲೆಂಡಿನ ಸೇಂಟ್ ಲೆನರ್ಡ್ಸ್ ಶಾಲೆಗೆ ತಂದರು, 1890ರಲ್ಲಿ ಅಲ್ಲಿ ಪಂದ್ಯ ನಡೆಯಿತು. ಅದೇ ಶಾಲೆಯಲ್ಲಿ ಓದಿದ ರೋಸಬೆಲ್ ಸಿಂಕ್ಲೇರ್ 1926ರಲ್ಲಿ ಅದನ್ನು ಮತ್ತೆ ಸಾಗರ ದಾಟಿಸಿ ಬಾಲ್ಟಿಮೋರ್‌ನ ಹುಡುಗಿಯರ ಕೈಗಿತ್ತರು. ಹೋದ ಆಟ ಬಡ್ಡಿ ಸಮೇತ ಹಿಂದಿರುಗಿದ ಹಾಗೆ.

ಈಗ ನಮ್ಮ ಮೈದಾನಕ್ಕೆ ಬರೋಣ.

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಹೆಣ್ಣುಮಕ್ಕಳ ಆಟವೆಂದರೆ ಥ್ರೋಬಾಲ್. ಶಾಲೆ ಬಿಟ್ಟ ಮೇಲೂ ಮಹಿಳಾ ಮಂಡಳದ ಹೊನಲು ಬೆಳಕಿನ ಪಂದ್ಯದಲ್ಲಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಆಡುತ್ತಾರೆ. ಕೈ ಪಳಗಿದೆ. ಆದರೆ ಆಟ ನಡೆಸುವುದರಲ್ಲಿ ಸಡಿಲು ಬಹಳ. ಹೆಚ್ಚಿನ ಶಾಲೆಗಳಲ್ಲಿ ವಾಲಿಬಾಲ್ ಅಂಕಣದಲ್ಲೇ ಥ್ರೋಬಾಲ್ ಆಡಿಸುತ್ತಾರೆ. ಉದ್ದ 18 ಮೀಟರ್ ಇದ್ದದ್ದು 18.30 ಆಗಬೇಕು, ಅದು ದೊಡ್ಡ ವ್ಯತ್ಯಾಸವಲ್ಲ. ಅಗಲ ಮಾತ್ರ 9 ಮೀಟರ್ ಇದ್ದದ್ದು 12.20 ಆಗಬೇಕು, ಅಂದರೆ 3.20 ಮೀಟರ್ ಕೊರತೆ. ಕಿರಿದಾದ ಅಂಕಣದಲ್ಲಿ ಅಭ್ಯಾಸ ಮಾಡಿದ ತಂಡ ಎದುರಿಗೆ ನೇರ ಬರುವ ಬಿರುಸು ಎಸೆತ ಹಿಡಿಯುವುದನ್ನಷ್ಟೇ ಕಲಿಯುತ್ತದೆ. ಜಿಲ್ಲಾ ಮಟ್ಟದ ಪೂರ್ಣ ಅಂಕಣಕ್ಕೆ ಹೋದಾಗ ಎರಡೂ ಪಕ್ಕದ ಗೆರೆಯ ಹತ್ತಿರ ಬೀಳುವ ಚೆಂಡಿಗೆ ಸೋಲುತ್ತದೆ. ಮಕ್ಕಳಿಗೆ ಬೈದು ಪ್ರಯೋಜನವಿಲ್ಲ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದಾಗ 22 ಮೀಟರ್ ಬಂದರೆ ಅಂಕಣ ಸರಿ, ಎರಡು ಕರ್ಣಗಳಿಗೆ ಒಂದು ಗೇಣು ಹೆಚ್ಚುಕಡಿಮೆ ಬಂದರೆ ಮೂಲೆ ಓರೆ. ನಡುಗೆರೆಯ ಎರಡೂ ಕಡೆ 1 ಮೀಟರಿನ ತಟಸ್ಥ ಪಟ್ಟಿ ಎಳೆಯುವುದನ್ನು ಮರೆಯುವವರೂ ಇದ್ದಾರೆ. ಆಗ ಬಲೆಗೆ ಎದೆ ಆನಿಸಿ ನಿಂತು ಎಸೆಯುವುದೇ ಆಟವಾಗುತ್ತದೆ.

ಬಲೆಯದು ಇನ್ನೊಂದು ಕಥೆ. ಎತ್ತರ 2.2 ಮೀಟರ್ ಎಂದು ಕಂಬದ ಹತ್ತಿರ ಅಳೆದು ಬಿಡುತ್ತಾರೆ, ನಡುವೆ ಅಳೆಯುವುದೇ ಇಲ್ಲ. ಮೇಲಂಚಿಗೆ ನಾಯ್ಲಾನ್ ಹಗ್ಗ ಹಾಕಿದ್ದರೆ ಅದು ಎಳೆದುಕೊಳ್ಳುತ್ತದೆ, ಒಂದು ಪಂದ್ಯ ಮುಗಿಯುವಷ್ಟರಲ್ಲಿ ನಡುವೆ ಎರಡು ಮೂರು ಇಂಚು ಜೋಲುತ್ತದೆ. ಹಗ್ಗದ ಬದಲು ತೆಳು ಉಕ್ಕಿನ ತಂತಿ ಹಾಕಿಸಿ. 2.2 ಮೀಟರಿಗೆ ಸರಿಯಾಗಿ ಕತ್ತರಿಸಿದ ಬಿದಿರ ಗಳವೊಂದು ಅಂಪೈರ್ ಪಕ್ಕದಲ್ಲಿರಲಿ, ಪ್ರತಿ ಸೆಟ್‌ಗೆ ಮೊದಲು ನಡುವೆ ನಿಲ್ಲಿಸಿ ನೋಡಲಿ. ಮೂರು ಸೆಕೆಂಡನ್ನು ಒಬ್ಬ ಅಂಪೈರ್ ಎರಡಕ್ಕೇ ಊದುತ್ತಾರೆ, ಇನ್ನೊಬ್ಬರು ಐದಾದರೂ ಊದುವುದಿಲ್ಲ. ಮೊಬೈಲಿನ ಸ್ಟಾಪ್‌ವಾಚ್ ಎದುರಿಟ್ಟುಕೊಂಡು ಮನಸ್ಸಿನಲ್ಲೇ ‘ಒಂದು, ಎರಡು, ಮೂರು’ ಎಣಿಸುವುದನ್ನು ಹತ್ತು ಸಲ ಅಭ್ಯಾಸ ಮಾಡಿದರೆ ಈ ತಕರಾರಿನಲ್ಲಿ ಮುಕ್ಕಾಲು ತೀರುತ್ತದೆ. ಭುಜಕ್ಕಿಂತ ಕೆಳಗಿನಿಂದ ಬಿಟ್ಟ ಚೆಂಡು, ಎರಡು ಕೈಯ ಎಸೆತ, ಎದೆಗೆ ತಾಗಿಸಿ ಹಿಡಿದದ್ದು, ಇವನ್ನೂ ಒಂದು ತಾಲೂಕಿನಲ್ಲಿ ಫೌಲ್ ಎನ್ನುತ್ತಾರೆ, ಪಕ್ಕದ ತಾಲೂಕಿನಲ್ಲಿ ಬಿಡುತ್ತಾರೆ.

ಹೀಗಿದ್ದರೂ ನಮ್ಮ ಹುಡುಗಿಯರಿಗೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿಯುವುದು, ಮೂರು ಸೆಕೆಂಡಿನೊಳಗೆ ಬಿಡುವುದು ರೂಢಿಯಾಗಿದೆ. ಇವೇ ನೆಟ್‌ಬಾಲಿನ ಅರ್ಧ ಬಂಡವಾಳ. ಬ್ಯಾಸ್ಕೆಟ್‌ಬಾಲಿಗೆ ಸಿಮೆಂಟ್ ಅಂಕಣ ಬೇಕು. ಚೆಂಡು ಪುಟಿಯದ ಹುಲ್ಲಿನಲ್ಲಿ ಬೆಳೆದ ನೆಟ್‌ಬಾಲಿಗೆ ಅದು ಬೇಡ, ಕೆಂಪುಮಣ್ಣು ಗಟ್ಟಿಸಿದ ಶಾಲೆಯ ಅಂಗಳ ಸಾಕು. ಭಾರತದಲ್ಲಿ ಇದಕ್ಕೆ ಫೆಡರೇಶನ್ ಇದೆ, 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೂ ಈ ಆಟವಿತ್ತು. ಥ್ರೋಬಾಲ್ ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಥ್ರೋಬಾಲ್ ಆಡುವ ಹುಡುಗಿಗೆ ಓಡುವ ಆಟವೊಂದನ್ನೂ ಕೊಡಿ ಎನ್ನುತ್ತಿದ್ದೇವೆ.

ನೆಟ್‌ಬಾಲ್ ಅಂಕಣ 30.5 ಮೀಟರ್ ಉದ್ದ, 15.25 ಮೀಟರ್ ಅಗಲ. ಕರ್ಣ 34.10 ಮೀಟರ್ ಬರಬೇಕು. ಉದ್ದವನ್ನು ಮೂರು ಸಮಭಾಗ ಮಾಡಿ, ಒಂದೊಂದು 10.17 ಮೀಟರ್. ಎರಡೂ ತುದಿಯಲ್ಲಿ ಗೋಲ್ ಗೆರೆಯ (ಅಗಲದ ತುದಿಗೆರೆಯ) ನಡುಬಿಂದುವಿಗೆ ಗೂಟ ಹೊಡೆದು 4.9 ಮೀಟರ್ ಹಗ್ಗದಿಂದ ಅರ್ಧವೃತ್ತ ಎಳೆಯಿರಿ. ನಟ್ಟನಡುವೆ 90 ಸೆಂ.ಮೀ. ವ್ಯಾಸದ ವೃತ್ತ. ಗೆರೆ 5 ಸೆಂ.ಮೀ. ಅಗಲ. ನೀರು ಹರಿಯಲು ಇಳಿಜಾರು ಕೊಡುವಾಗ ಅಗಲಕ್ಕೆ ಕೊಡಿ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ 15 ಸೆಂ.ಮೀ. ಸಾಕು. ಉದ್ದಕ್ಕೆ ಇದೇ ಪ್ರಮಾಣದಲ್ಲಿ ಕೊಟ್ಟರೆ ಎರಡು ಕಂಬದ ಬುಡಕ್ಕೆ ಒಂದಡಿ ಏರುಪೇರು ಬಂದು ಒಂದು ತಂಡ ಸದಾ ಏರಿನಲ್ಲಿ ಓಡಬೇಕಾಗುತ್ತದೆ. ಗೆರೆಗೆ ಸುಟ್ಟ ಸುಣ್ಣ ಬೇಡ, ಒದ್ದೆ ಮೈಗೂ ಕಣ್ಣಿಗೂ ಉರಿ. ತೆಂಗಿನ ನಾರಿನ ಹಗ್ಗ ಮೊಳೆ ಹೊಡೆದು ಕೂರಿಸಿದರೆ ಮಳೆಗೆ ತೊಳೆದುಹೋಗುವುದಿಲ್ಲ ನಿಜ, ಆದರೆ ಎರಡು ವಾರಕ್ಕೆ ಮೊಳೆ ಎದ್ದು ಹಗ್ಗ ಕಾಲಿಗೆ ತೊಡರುತ್ತದೆ. ರಂಗೋಲಿ ಪುಡಿಯನ್ನು ದಿನಾ ಹಾಕುವುದೇ ಮೇಲು.

ಕಂಬಕ್ಕೆ ಎರಡೂವರೆ ಇಂಚಿನ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪ್, ಹೊರಮೈ ಸುಮಾರು 76 ಮಿ.ಮೀ. ನೆಲದಿಂದ ಬಳೆಯ ತನಕ 3.05 ಮೀಟರ್, ನೆಲದೊಳಗೆ 60 ಸೆಂ.ಮೀ., ಒಟ್ಟು 3.65. ಪೈಪ್ 6 ಮೀಟರಿನ ಉದ್ದದಲ್ಲಿ ಬರುವುದರಿಂದ ಒಂದರಲ್ಲಿ ಎರಡು ಕಂಬ ಆಗುವುದಿಲ್ಲ. ಉಳಿದ ತುಂಡುಗಳನ್ನು ಬೆಸೆದು ಕಂಬ ಮಾಡಿಕೊಡುತ್ತೇವೆಂದು ವರ್ಕ್‌ಶಾಪಿನವರು ಹೇಳಿದರೆ ಬೇಡವೆನ್ನಿ, ಬೆಸುಗೆಯಲ್ಲೇ ಮೊದಲು ತುಕ್ಕು ಹಿಡಿದು ಬಾಗುತ್ತದೆ. ಬಳೆಯ ಒಳ ವ್ಯಾಸ 38 ಸೆಂ.ಮೀ., ಸರಳು 15 ಮಿ.ಮೀ. ದಪ್ಪ. ಒಂದು ಬಳೆಗೆ 1.24 ಮೀಟರ್ ಸರಳು ಬೇಕು. ಮನೆ ಕಟ್ಟಲು ಬಳಸುವ ಗೀರಿನ ಸರಳು ಕೂಡದು, ಚೆಂಡಿನ ಮೈ ಹರಿಯುತ್ತದೆ. ನುಣುಪಿನದೇ ಬೇಕು. ಕಂಬಕ್ಕೂ ಬಳೆಗೂ ನಡುವೆ 15 ಸೆಂ.ಮೀ. ಅಂತರವಿಡುವ ತೋಳು ಇರಲಿ.

ಇಲ್ಲಿ ಮೂರು ತಪ್ಪು ಆಗುತ್ತವೆ. ಬ್ಯಾಸ್ಕೆಟ್‌ಬಾಲ್ ಬಳೆ ಮಾಡಿ ರೂಢಿಯಿರುವವರು 45 ಸೆಂ.ಮೀ. ಬಳೆ ಮಾಡಿಬಿಡುತ್ತಾರೆ. ಎತ್ತರ ಎರಡೂ ಆಟಕ್ಕೂ ಒಂದೇ ಆದ್ದರಿಂದ ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಎರಡನೆಯದು, ಕಂಬವನ್ನು ಗೋಲ್ ಗೆರೆಯ ಆಚೆ ನೆಡುವುದು. ಕಂಬದ ಬೆನ್ನು ಗೆರೆಯ ಹೊರ ಅಂಚಿಗೆ ಸರಿಯಾಗಿ ಇರಬೇಕು, ಅಂದರೆ ಕಂಬ ಅಂಕಣದ ಒಳಗೇ ನಿಲ್ಲುತ್ತದೆ. ಮೂರನೆಯದು, ಬೆಸುಗೆ ಹಾಕಿದ ಜಾಗವನ್ನು ಹಾಗೇ ಬಿಡುವುದು. ಬೆಸುಗೆಯ ಶಾಖಕ್ಕೆ ಸತುವಿನ ಲೇಪ ಸುಟ್ಟುಹೋಗಿರುತ್ತದೆ, ಕಡಲಗಾಳಿಗೆ ಅಲ್ಲಿಂದಲೇ ತುಕ್ಕು ಶುರು. ರೆಡ್ ಆಕ್ಸೈಡ್ ಎರಡು ಕೈ ಹಚ್ಚಿ ಮೇಲೆ ಎನಾಮೆಲ್ ಬಳಿಯಿರಿ. ಕಂಬದ ತಲೆಗೆ ತಗಡಿನ ಮುಚ್ಚಳ ಬೆಸೆದರೆ ಮಳೆನೀರು ಒಳಗೆ ಇಳಿಯುವುದಿಲ್ಲ.

ಕಂಬವನ್ನು ನೇರ ಕಾಂಕ್ರೀಟಿನಲ್ಲಿ ಹುಗಿಯಬೇಡಿ. ಮೂರು ಇಂಚಿನ ಪೈಪಿನ 60 ಸೆಂ.ಮೀ. ತುಂಡನ್ನು ಗೂಡಾಗಿ ಹೂತು, ಕಂಬವನ್ನು ಅದರೊಳಗೆ ಇಳಿಸಿ. ಬೇಕಾದಾಗ ತೆಗೆದಿಡಬಹುದು, ಅದೇ ಮೈದಾನದಲ್ಲಿ ಕಬಡ್ಡಿ, ಖೊಖೊ ಎರಡೂ ನಡೆಯುತ್ತವೆ. ಗುಂಡಿ 45 ಸೆಂ.ಮೀ. ಚೌಕ, 75 ಸೆಂ.ಮೀ. ಆಳ. ತಳದ 15 ಸೆಂ.ಮೀ. ಜಲ್ಲಿ, ಮೇಲೆ ಸಿಮೆಂಟು, ಮರಳು, ಜಲ್ಲಿ 1:2:4ರಂತೆ ಕಲಸಿದ ಕಾಂಕ್ರೀಟ್. ಎರಡು ಗುಂಡಿಗೆ ಎರಡು ಚೀಲ ಸಿಮೆಂಟು ಧಾರಾಳ. ಗೂಡಿನ ಕೆಳಬಾಯಿ ಜಲ್ಲಿಗೆ ತೆರೆದಿರಲಿ, ಮುಚ್ಚಿದರೆ ನೀರು ನಿಂತು ಕಂಬದ ಬುಡ ಕೊಳೆಯುತ್ತದೆ. ಏಳು ದಿನ ಗೋಣಿತಾಟು ಹೊದೆಸಿ ನೀರುಣಿಸಿ. ಚಿರೇಕಲ್ಲಿನ ನೆಲದಲ್ಲಿ ಗುಂಡಿ ತೋಡುವುದು ಒಂದು ದಿನದ ಹಾರೆ ಕೆಲಸ. ಕಂಬ ತೆಗೆದಾಗ ಗೂಡಿಗೆ ಮುಚ್ಚಳ ಬೇಕೇ ಬೇಕು, ಚಿಕ್ಕ ಮಕ್ಕಳ ಪಾದ ಸರಿಯಾಗಿ ಅದರೊಳಗೇ ಇಳಿಯುತ್ತದೆ.

ನೋಡೋಣವೆಂದು ಪ್ರಯೋಗ ಮಾಡುವವರು ಅಡಿಕೆ ಮರದ ಕಂಬ ನೆಟ್ಟು ಬಳೆ ಕಟ್ಟಿಯೂ ಆಡಿಸಬಹುದು. ಚೆಂಡು ಬಡಿದಾಗ ತೂಗುತ್ತದೆ, ಪಂದ್ಯಕ್ಕೆ ಆಗದು, ಕಲಿಕೆಗೆ ಆದೀತು. ಚೆಂಡು 5ನೇ ಸೈಜಿನದು, ಸುತ್ತಳತೆ 69ರಿಂದ 71 ಸೆಂ.ಮೀ., ತೂಕ 400ರಿಂದ 450 ಗ್ರಾಂ. ಶಾಲೆಯಲ್ಲಿರುವ 5ನೇ ಸೈಜಿನ ಫುಟ್‌ಬಾಲ್ ಹೆಚ್ಚುಕಡಿಮೆ ಇದೇ ಅಳತೆಯದು, ಶುರುವಿಗೆ ಸಾಕು. ಮೊದಲ ದಿನಗಳ ಬ್ಯಾಸ್ಕೆಟ್‌ಬಾಲ್ ಆಡಿದ್ದೂ ಫುಟ್‌ಬಾಲಿನಲ್ಲೇ. ವಾಲಿಬಾಲ್ ಮಾತ್ರ ಬೇಡ. ಅದು 260-280 ಗ್ರಾಂ, ಹಗುರ ಚೆಂಡಿಗೆ ಪಳಗಿದ ಕೈ ಆಮೇಲೆ ದೂರದ ಪಾಸಿನಲ್ಲಿ ಸೋಲುತ್ತದೆ. ಕರಾವಳಿಯ ಮಳೆಗೆ ಚರ್ಮದ್ದಕ್ಕಿಂತ ಒರಟು ಮೈಯ ರಬ್ಬರ್ ಚೆಂಡು ವಾಸಿ. ಒದ್ದೆಯಾದಾಗ ಒರೆಸಲು ಅಂಪೈರ್ ಸೊಂಟದಲ್ಲಿ ಒಂದು ಪಂಚೆ ತುಂಡು ಇರಲಿ.

ಏಳು ಜನ, ಏಳು ಜಾಗ: ಗೋಲ್ ಶೂಟರ್, ಗೋಲ್ ಅಟ್ಯಾಕ್, ವಿಂಗ್ ಅಟ್ಯಾಕ್, ಸೆಂಟರ್, ವಿಂಗ್ ಡಿಫೆನ್ಸ್, ಗೋಲ್ ಡಿಫೆನ್ಸ್, ಗೋಲ್ ಕೀಪರ್. ಗೋಲು ಹಾಕುವ ಹಕ್ಕು ಮೊದಲ ಇಬ್ಬರಿಗೆ ಮಾತ್ರ, ಅದೂ ಅರ್ಧವೃತ್ತದ ಒಳಗಿಂದ. ಯಾರು ಯಾವ ಭಾಗಕ್ಕೆ ಹೋಗಬಹುದೆಂಬುದು ಅಂಗಿಯ ಮೇಲೆ ತೊಡುವ ತೋಳಿಲ್ಲದ ಬಟ್ಟೆಯ, ಅಂದರೆ ಬಿಬ್‌ನ, ಎದೆಯ ಮೇಲಿನ ಅಕ್ಷರದಿಂದ ಗೊತ್ತಾಗಬೇಕು. ಊರಿನ ಟೇಲರ್ ಹತ್ತಿರ ಎರಡು ಬಣ್ಣದಲ್ಲಿ ಏಳೇಳು ಬಿಬ್ ಹೊಲಿಸಿ, ಅಕ್ಷರ 15 ಸೆಂ.ಮೀ. ಎತ್ತರವಿರಲಿ. ನೆಲದ ಮೂರನೇ ಒಂದು ಭಾಗವನ್ನು ಪೂರ್ತಿ ಹಾರಿಸಿ ಚೆಂಡು ಎಸೆಯುವಂತಿಲ್ಲ, ನಡುವೆ ಯಾರಾದರೂ ಮುಟ್ಟಲೇಬೇಕು. ಬೆರೆನ್ಸನ್ ಎಳೆದ ಗೆರೆಗಳಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುವ ಗೆರೆ ಇದೇ ಎನ್ನಬಹುದು.

ಥ್ರೋಬಾಲ್ ಹುಡುಗಿಯರು ಮೊದಲ ವಾರ ಎಡವುವುದು ಕಾಲಿನಲ್ಲಿ. ಥ್ರೋಬಾಲಿನಲ್ಲಿ ನಿಂತು ಹಿಡಿಯುವ ರೂಢಿ. ಇಲ್ಲಿ ಓಡುತ್ತ, ಹಾರುತ್ತ ಹಿಡಿಯಬೇಕು. ಹಿಡಿದು ಮೊದಲು ನೆಲಕ್ಕೂರಿದ ಕಾಲು ಯಾವುದೋ ಅದನ್ನು ಎತ್ತಬಹುದು, ಆದರೆ ಚೆಂಡು ಕೈಬಿಡುವ ಮೊದಲು ಅದೇ ಕಾಲನ್ನು ಮತ್ತೆ ಊರಿದರೆ ಫೌಲ್. ಚೆಂಡು ಕೊಡದೆ ಬರೇ ಕಾಲಿನ ಅಭ್ಯಾಸ ಮಾಡಿಸಿ: ನಾಲ್ಕು ಹೆಜ್ಜೆ ಓಟ, ಜಿಗಿತ, ಎಡಗಾಲು ಊರಿ ನಿಲ್ಲುವುದು, ಬಲಗಾಲು ಮುಂದಿಟ್ಟು ತಿರುಗುವುದು. ಹತ್ತು ಸಲ ಆದಮೇಲೆ ಬಲಗಾಲಿಗೆ ಬದಲಿಸಿ. ಮೊಣಕಾಲು ಬಾಗಿಸಿಯೇ ಊರಬೇಕು. ನೆಟ್ಟಗೆ ಊರಿ ತಿರುಗಿದರೆ ಮಂಡಿಯ ಒಳಗಿನ ನಾರು ಹರಿಯುತ್ತದೆ, ಹುಡುಗಿಯರಲ್ಲಿ ಈ ಪೆಟ್ಟು ಹೆಚ್ಚು. ಹಾವಸೆ ಹಿಡಿದ ಒದ್ದೆ ನೆಲದಲ್ಲಿ ಈ ಅಭ್ಯಾಸ ಬೇಡವೇ ಬೇಡ.

ತಡೆಯುವವಳು ಚೆಂಡು ಹಿಡಿದವಳ ಊರಿದ ಕಾಲಿನಿಂದ 90 ಸೆಂ.ಮೀ. ದೂರ ನಿಲ್ಲಬೇಕು. ಅಷ್ಟುದ್ದದ ಕೋಲೊಂದನ್ನು ಇಬ್ಬರ ನಡುವೆ ನೆಲದ ಮೇಲಿಟ್ಟು ಆಡಿಸಿದರೆ ಮೂರೇ ದಿನಕ್ಕೆ ಕಣ್ಣಿಗೆ ಅಳತೆ ಕೂರುತ್ತದೆ. ಇನ್ನು ಗೋಲು ಹಾಕುವುದು. ಹಿಂದೆ ಹಲಗೆ ಇಲ್ಲ, ಆದ್ದರಿಂದ ಥ್ರೋಬಾಲಿನ ಬಿರುಸು ಎಸೆತ ಬಳೆಗೆ ಬಡಿದು ಹೊರಗೆ ಹಾರುತ್ತದೆ. ಚೆಂಡು ತಲೆಯ ಮೇಲೆ, ಮೊಣಕೈ ಬಳೆಯ ಕಡೆಗೆ, ಮಂಡಿ ಬಾಗಿಸಿ, ಬೆರಳ ತುದಿಯಿಂದ ಎತ್ತರಕ್ಕೆ ಬಿಡಬೇಕು. ಮೇಲಿಂದ ಇಳಿಯುವ ಚೆಂಡಿಗೆ ಬಳೆ ಅಗಲ, ಅಡ್ಡ ಬರುವ ಚೆಂಡಿಗೆ ಬಳೆ ಒಂದು ಸೀಳು ಅಷ್ಟೇ. ಮೊದಲು ಒಂದು ಮೀಟರ್ ದೂರದಿಂದ ದಿನಕ್ಕೆ ಇಪ್ಪತ್ತು, ಅದರಲ್ಲಿ ಹದಿನೈದು ಒಳಗೆ ಬಿದ್ದ ಮೇಲೆಯೇ ಹಿಂದೆ ಸರಿಸಿ. ಎತ್ತರದ ಹುಡುಗಿಯನ್ನೇ ಶೂಟರ್ ಮಾಡಿ ಉಳಿದವರಿಗೆ ಗೋಲು ಹಾಕಲು ಕಲಿಸದೇ ಇರುವುದು ಎಲ್ಲ ಕಡೆ ಆಗುವ ತಪ್ಪು.

ಶಿರಸಿ ಹಾಗೂ ಕಾರವಾರ ಎರಡೂ ಶೈಕ್ಷಣಿಕ ಜಿಲ್ಲೆಗಳ ಅಧಿಕಾರಿಗಳಿಗೆ ನಮ್ಮ ಕೋರಿಕೆ ಇಷ್ಟು. ವಲಯ ಮಟ್ಟದ ಪಂದ್ಯಗಳಿಗೆ ಮೊದಲು, ಜುಲೈ ಒಳಗೆ, ಪ್ರತಿ ತಾಲೂಕಿನಲ್ಲಿ ಶಿಕ್ಷಕಿಯರಿಗೆ ಒಂದು ದಿನದ ಅಂಪೈರಿಂಗ್ ತರಬೇತಿ ಇಡಿ. ಬೆಳಿಗ್ಗೆ ಥ್ರೋಬಾಲ್, ಮಧ್ಯಾಹ್ನದ ಮೇಲೆ ನೆಟ್‌ಬಾಲ್. ದೈಹಿಕ ಶಿಕ್ಷಕಿ ಇಲ್ಲದ ಶಾಲೆಯಿಂದ ಬೇರೆ ವಿಷಯದ ಶಿಕ್ಷಕಿ ಬಂದರೂ ಸೇರಿಸಿಕೊಳ್ಳಿ. ಹುಡುಗಿಯರ ಪಂದ್ಯಕ್ಕೆ ಕಡೇಪಕ್ಷ ಒಬ್ಬ ಮಹಿಳಾ ಅಂಪೈರ್ ಇರುವುದು ಕಡ್ಡಾಯವಾಗಲಿ. ನೆಟ್‌ಬಾಲಿಗೆ ಘಟ್ಟದ ಮೇಲೆ ನಾಲ್ಕು, ಕೆಳಗೆ ನಾಲ್ಕು ಪ್ರೌಢಶಾಲೆ ಆರಿಸಿ. ಹತ್ತಿರಹತ್ತಿರದ ಶಾಲೆಗಳೇ ಆಗಲಿ, ಇಲ್ಲದಿದ್ದರೆ ಬಸ್ಸಿನ ಖರ್ಚಿನಲ್ಲೇ ಯೋಜನೆ ಮುಗಿಯುತ್ತದೆ. ಕಾರವಾರದ ಮಾಲಾದೇವಿ ಮೈದಾನದಲ್ಲೂ ಶಿರಸಿಯ ಜಿಲ್ಲಾ ಕ್ರೀಡಾಂಗಣದಲ್ಲೂ ಒಂದೊಂದು ಜೊತೆ ಗೂಡು ಹೂತಿಟ್ಟರೆ ಪಂದ್ಯದ ದಿನ ಕಂಬ ಹೊತ್ತು ತಂದು ನಿಲ್ಲಿಸಿದರಾಯಿತು. ಶಾಲಾಭಿವೃದ್ಧಿ ಸಮಿತಿಯವರು ಮನಸ್ಸು ಮಾಡಿದರೆ ಪೈಪ್, ಸರಳು, ಸಿಮೆಂಟು ಊರಿನಲ್ಲೇ ಹೊಂದುತ್ತವೆ. ಗುಂಡಿ ತೋಡುವ ಕೆಲಸ ಮಾತ್ರ ಮೇ ತಿಂಗಳ ನಡುವಿಗೆ ಮುಗಿಯಬೇಕು. ಮಳೆ ಹಿಡಿದ ಮೇಲೆ ತೋಡಿದ ಗುಂಡಿಯಲ್ಲಿ ನೀರು ನಿಂತು ಕಾಂಕ್ರೀಟ್ ಕಚ್ಚುವುದಿಲ್ಲ, ಆ ಕಂಬ ಸೆಪ್ಟೆಂಬರಿಗೆ ವಾಲುತ್ತದೆ.

ತಮ್ಮ ವಿಶ್ವಾಸಿಗಳು,
ಶಿರಸಿ, ಕುಮಟಾ, ಕಾರವಾರ ಭಾಗದ ಕೆಲವು ದೈಹಿಕ ಶಿಕ್ಷಕಿಯರು